ಕರೆತಂದವರ ಸಹಿ

ಕಿತ್ತೂರು ರಸ್ತೆ
3 ಸೆಪ್ಟೆಂಬರ್ 2023

ತಮ್ಮ ನಾಸಿರ,

ಈ ಕಾಗದವನ್ನು ನಿನಗಿಂತ ಮೊದಲು ನೀಲಪ್ಪನವರು ಓದುತ್ತಾರೆ. ಅವರು ಈ ಆರೈಕೆ ಮನೆಯ ವ್ಯವಸ್ಥಾಪಕರು. ಒಳಗಿನಿಂದ ಹೋಗುವ ಪ್ರತಿಯೊಂದು ಕಾಗದವನ್ನೂ ಕನ್ನಡಕ ಹಾಕಿಕೊಂಡು ನೋಡುವುದು ಅವರ ಪದ್ಧತಿ. ಆದ್ದರಿಂದ ಮೊದಲು ಅವರಿಗೇ ನಮಸ್ಕಾರ. ನೀಲಪ್ಪನವರೇ, ನಿನ್ನೆಯ ಸಾರಿನಲ್ಲಿ ಬೇಳೆ ಹುಡುಕಿ ಹುಡುಕಿ ನನ್ನ ಕಣ್ಣು ನೋಯುತ್ತಿದೆ. ಇನ್ನು ಮುಂದಿನದು ಅಕ್ಕತಮ್ಮನ ಮಾತು, ತಾವು ಪುಟ ಮಡಚಬಹುದು.

ನಾಸಿರ, ನೀನು ನನ್ನನ್ನು ಇಲ್ಲಿ ಬಿಟ್ಟು ಹೋಗಿ ಏಳನೆಯ ತಿಂಗಳು ನಡೆದಿದೆ. ಮೊದಲ ಎರಡು ತಿಂಗಳು ನನಗೆ ಸರಿಯಾಗಿ ನೆನಪಿಲ್ಲ. ಅದಕ್ಕೆ ನನ್ನ ದೂರೂ ಇಲ್ಲ. ಆಗ ನನಗೆ ಔಷಧ ಬೇಕಾಗಿತ್ತು, ನೀನು ಮಾಡಿದ್ದು ಸರಿ. ಈಗ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಗುಳಿಗೆಯನ್ನು ಯಾರೂ ನೆನಪಿಸದೆ ನಾನೇ ನುಂಗುತ್ತೇನೆ. ಗುರುವಾರಕ್ಕೊಮ್ಮೆ ಬೆಳಗಾವಿಯಿಂದ ಬರುವ ಡಾಕ್ಟರಮ್ಮ ಜುಲೈ ತಿಂಗಳಲ್ಲೇ ನನ್ನ ಫೈಲಿನಲ್ಲಿ ‘ಮನೆಗೆ ಹೋಗಬಹುದು’ ಎಂದು ಬರೆದಿದ್ದಾರೆ. ನೀಲಪ್ಪನವರನ್ನು ಕೇಳಿದರೆ ಒಂದೇ ಪಾಠ: “ಕರಕೊಂಡು ಬಂದವರಾ ಬಂದು ಸಹಿ ಮಾಡಬೇಕ್ರೀ ಟೀಚರ. ಇಲ್ಲಂದ್ರ ನಾ ಹೆಂಗ ಬಿಡ್ಲಿ?” ಪಾರ್ಸಲ್ ಆಫೀಸಿನಲ್ಲಿ ಇಟ್ಟ ಗಂಟಿನ ಹಾಗೆ ಕೂತಿದ್ದೇನೆ, ಚೀಟಿ ನಿನ್ನ ಕಿಸೆಯಲ್ಲಿದೆ.

ಭಾನುವಾರ ಭಾನುವಾರ ಫೋನು ಕೊಡುತ್ತಾರೆ. ನಾಲ್ಕು ಭಾನುವಾರದಿಂದ ನೀನು ಎತ್ತಿಲ್ಲ. ಅದಕ್ಕೇ ಈ ಕಾಗದ.

ನನ್ನ ಪಕ್ಕದ ಹಾಸಿಗೆಯಲ್ಲಿ ತೊರಗಲ್ಲಿನ ಕಾಡವ್ವ ಇದ್ದಾಳೆ, ಅರವತ್ತು ದಾಟಿದವಳು. ಅವಳಿಗೀಗ ಯಾವ ಕಾಯಿಲೆಯೂ ಇಲ್ಲ. ಅಡುಗೆಮನೆಯ ಜೋಳವನ್ನೆಲ್ಲ ಅವಳೇ ಹಸನು ಮಾಡುತ್ತಾಳೆ. ಹನ್ನೊಂದು ವರ್ಷದಿಂದ ಮಗನ ಸಹಿಗಾಗಿ ಕಾಯುತ್ತಿದ್ದಾಳೆ, ಮಗ ಊರನ್ನೇ ಬಿಟ್ಟಿದ್ದಾನೆ. ಅವಳ ಜೊತೆ ದಿನವಿಡೀ ನಗುತ್ತ ಇರುತ್ತೇನೆ, ಆದರೆ ಅವಳನ್ನು ನೋಡಿದರೆ ನನಗೆ ಭಯವಾಗುತ್ತದೆ.

ಒಂದು ಖುಷಿಯ ಸುದ್ದಿಯೂ ಇದೆ. ಹೊಸ ಮಾನಸಿಕ ಆರೋಗ್ಯ ಕಾನೂನು, ಅದರ ಮೇಲೆ ರಾಜ್ಯದ ನಿಯಮ, ಎಲ್ಲ ಬಂದಿವೆಯಂತೆ. ಇಂಥ ಮನೆಗಳು ನೋಂದಣಿ ಮಾಡಿಸಬೇಕು, ಇಲ್ಲಿರುವವರ ಹಕ್ಕುಗಳನ್ನು ಬರೆದು ಗೋಡೆಗೆ ಹಾಕಬೇಕು. ತಪಾಸಣೆಯವರು ಬರುತ್ತಾರೆಂದು ನೀಲಪ್ಪನವರಿಗೆ ಕಾಲು ನೆಲಕ್ಕೆ ಹತ್ತುತ್ತಿಲ್ಲ. ಬೋರ್ಡು ಬರೆಯುವವನು ಬೈಲಹೊಂಗಲದಿಂದ ಬರಬೇಕು, ಅವನು ಇಂದು ನಾಳೆ ಅನ್ನುತ್ತಿದ್ದಾನೆ. “ನಿಮ್ಮ ಅಕ್ಷರ ಮುತ್ತಿನಂಗ ಅದಾವು, ನೀವಾ ಬರೀರಿ” ಎಂದು ನನಗೇ ತಗಡು, ಬಣ್ಣ, ಕುಂಚ ಕೊಟ್ಟಿದ್ದಾರೆ. ಏಳು ತಿಂಗಳ ಮೇಲೆ ಕೈಗೆ ಕೆಲಸ ಸಿಕ್ಕಿತು. ನಾನು ಪಾಠ ಮಾಡುತ್ತಿದ್ದ ದೊಡವಾಡದ ಸಾಲಿಯ ಕರಿಹಲಗೆ ಕಣ್ಣ ಮುಂದೆ ಬಂತು.

ಬರುವ ಭಾನುವಾರ ಬಾ. ಬಂದು ಸಹಿ ಹಾಕು. ಹತ್ತು ನಿಮಿಷದ ಕೆಲಸ.

ನಿನ್ನ ಆಪಾ,
ತಸ್ಲೀಮ್


ಸವದತ್ತಿ
24 ಸೆಪ್ಟೆಂಬರ್ 2023

ಆಪಾ,

ನಿನ್ನ ಕಾಗದ ಮುಟ್ಟಿತು. ಕೆಂಪು ಪೆನ್ನು ಹಿಡಿಯಬೇಡ, ಹತ್ತನೆಯ ಕ್ಲಾಸಿನ ನಂತರ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು.

ಎಲ್ಲರೂ ಆರಾಮ. ಅಮ್ಮನ ಮೊಣಕಾಲು ಹಾಗೇ ಇದೆ. ಮಗಳು ಅಲ್ಫಿಯಾ ಒಂದನೆಯ ಕ್ಲಾಸಿಗೆ ಹೋಗುತ್ತಿದ್ದಾಳೆ. ನನ್ನ ಟೆಂಪೋಗೆ ಉಳ್ಳಾಗಡ್ಡಿ ಬಾಡಿಗೆ ಇದೆ, ಬಿಡುವಿಲ್ಲ. ಫೋನು ಬಂದಾಗೆಲ್ಲ ಗಾಡಿ ಮೇಲೆ ಇದ್ದೆ.

ಬರಬಾರದು ಅಂತ ಏನೂ ಇಲ್ಲ. ಆದರೆ ನೀಲಪ್ಪನವರು ನನಗೆ ಒಂದು ಮಾತು ಹೇಳಿದ್ದಾರೆ. “ನೋಡ್ರಿ ನಾಸಿರ, ಸಹಿ ಮಾಡಿ ಹೊರಗ ಕರಕೊಂಡು ಹೋದ್ರಿ ಅಂದ್ರ ಅದು ಜಾಮೀನು ಇದ್ದಂಗ. ನಾಳೆ ಅವರು ಏನರ ಮಾಡಿದ್ರ ಪೊಲೀಸರು ನಿಮ್ಮನ್ನ ಹಿಡೀತಾರ.” ನಮ್ಮ ಗಾಡಿ ಸ್ಟ್ಯಾಂಡಿನ ಮಹಾದೇವ ಒಬ್ಬನಿಗೆ ಜಾಮೀನು ನಿಂತು ಮೂರು ವರ್ಷ ಕೋರ್ಟಿಗೆ ಅಡ್ಡಾಡಿದ್ದು ನಿನಗೆ ಗೊತ್ತಲ್ಲ. ಅವನೂ ಅದನ್ನೇ ಹೇಳಿದ.

ಅಮ್ಮನಿಗೆ ಮತ್ತು ಓಣಿಯವರಿಗೆ ನೀನು ರಾಮದುರ್ಗದಲ್ಲಿ ಶಿಕ್ಷಕರ ಟ್ರೇನಿಂಗಿಗೆ ಹೋಗಿದ್ದೀ ಎಂದು ಹೇಳಿದ್ದೇನೆ. ಏನು ಹೇಳಬೇಕಿತ್ತು ನೀನೇ ಹೇಳು.

ಹೆಂಡತಿ ಫರೀನ್ ಸಲಾಂ ತಿಳಿಸಿದ್ದಾಳೆ ಎಂದು ಬರೆಯಲು ಹೊರಟಿದ್ದೆ. ನೀನು ಸುಳ್ಳು ಹಿಡಿಯುತ್ತೀ, ಅದಕ್ಕೆ ಬರೆಯುವುದಿಲ್ಲ.

ಮುಂದಿನ ತಿಂಗಳು ನೋಡೋಣ.

ನಾಸಿರ


ಕಿತ್ತೂರು ರಸ್ತೆ
15 ಅಕ್ಟೋಬರ್ 2023

ನಾಸಿರ,

ಲಕೋಟೆ ನೋಡಿದೆಯಾ? ಅನ್ನದ ಅಗುಳು ಒತ್ತಿ ನಾನೇ ಅಂಟಿಸಿದ್ದು. ಇದನ್ನು ನಿನಗಿಂತ ಮೊದಲು ಯಾರೂ ಓದಿಲ್ಲ.

ಬೋರ್ಡು ಬರೆಯಲು ನಾಲ್ಕು ದಿನ ಹಿಡಿಯಿತು. ಕಾನೂನಿನ ಮಾತುಗಳನ್ನು ಸಾಮಾನ್ಯರ ಕನ್ನಡಕ್ಕೆ ಇಳಿಸಿ ಒಂದು ಹಾಳೆ ಕೊಟ್ಟಿದ್ದರು, ಅದನ್ನು ತಗಡಿನ ಮೇಲೆ ಇಳಿಸುವುದು ನನ್ನ ಕೆಲಸ. ಮೊದಮೊದಲು ಅಕ್ಷರದ ಕಡೆಗೇ ನನ್ನ ಲಕ್ಷ್ಯ. ಆರನೆಯ ಸಾಲಿಗೆ ಬಂದಾಗ ಬರೆಯುತ್ತಿರುವುದನ್ನು ಓದಿದೆ. ಇಲ್ಲಿರುವವರಿಗೆ ಪತ್ರ ಕಳಿಸುವ, ಪಡೆಯುವ ಹಕ್ಕಿದೆ ಎಂದಿತ್ತು. ಕುಂಚ ಹಿಡಿದುಕೊಂಡೇ ನೀಲಪ್ಪನವರ ಮುಂದೆ ನಿಂತು, ಅವರ ಕನ್ನಡಕ ತೋರಿಸಿ, “ಹಕ್ಕು ನಂದಾದ್ರ ಚಾಳೀಸು ನಿಮ್ಮದ್ಯಾಕ್ರಿ?” ಎಂದೆ. ತಪಾಸಣೆಯ ದಿನ ಹತ್ತಿರವಿತ್ತು ನೋಡು, ಲಕೋಟೆ ಕೊಟ್ಟೇಬಿಟ್ಟರು.

ಒಂಬತ್ತನೆಯ ಸಾಲಿನಲ್ಲಿ ನನ್ನ ಕೈ ನಿಂತಿತು. ‘ಮನೆಯವರು ಒಪ್ಪುವುದಿಲ್ಲ, ಹೋಗಲು ಜಾಗವಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಒಳಗೆ ಇರಿಸಿಕೊಳ್ಳುವಂತಿಲ್ಲ.’ ನಾಸಿರ, ನಾನು ಆ ಸಾಲನ್ನು ಬರೆಯುತ್ತ ಅತ್ತೆ. ಬಣ್ಣ ಹರಡಿತು, ಒರೆಸಿ ಮತ್ತೆ ಬರೆದೆ.

ನೀಲಪ್ಪನವರನ್ನು ಕೇಳಿದೆ: “ಇದು ಖರೇನ್ರಿ?”

“ಸರಕಾರದ್ದು ಐತಿ, ಖರೇನ ಇರಬೇಕು.”

“ಹಂಗಾರ ನನ್ನ ಬಿಡ್ರಿ.”

“ಅದು ಗ್ವಾಡಿಗ್ರಿ ಟೀಚರ. ನನಗ ನಿಮ್ಮ ತಮ್ಮನ ಸಹಿ ಬೇಕು.”

ಬೋರ್ಡನ್ನು ಆಫೀಸಿನೊಳಗೆ, ಅವರ ಕುರ್ಚಿಯ ಹಿಂದಿನ ಗೋಡೆಗೆ ಹೊಡೆದಿದ್ದಾರೆ. ನಮಗೆ ಆಫೀಸಿನೊಳಗೆ ಪ್ರವೇಶವಿಲ್ಲ. ಬರೆದ ನನಗೇ ಅದು ಓದಲು ಸಿಗುವುದಿಲ್ಲ! ಆದರೆ ಟೀಚರಿಗೆ ಬಾಯಿಪಾಠ ಯಾರಾದರೂ ಕಲಿಸಬೇಕೇ? ಹೆಂಗಸರನ್ನೆಲ್ಲ ಕೂಡಿಸಿ ಒಂದೊಂದೇ ಸಾಲು ಹೇಳಿದೆ. ಕಾಡವ್ವ ಜೋಳದ ಮೊರ ಕೆಳಗಿಟ್ಟು ಕೇಳಿದಳು, “ಅದರಾಗ ನನ್ನ ಹೆಸರ ಐತೇನವಾ?” ಇಲ್ಲ ಕಾಡವ್ವ, ಅದು ಎಲ್ಲರದ್ದು ಎಂದೆ. ಹೌದಾ ಎಂದು ಮತ್ತೆ ಮೊರ ಎತ್ತಿಕೊಂಡಳು.

ಈಗ ನಿನ್ನ ಜಾಮೀನಿನ ಮಾತು. ಡಾಕ್ಟರಮ್ಮನನ್ನು ಕೇಳಿದೆ, ಅವರು ನಕ್ಕುಬಿಟ್ಟರು. “ಯಾವ ಜಾಮೀನೂ ಇಲ್ಲ, ಗೀಮೀನೂ ಇಲ್ಲ. ಅಡ್ಮಿಟ್ ಮಾಡಿದವರು ಅಪರಾಧಿಗೆ ಹೊಣೆ ನಿಂತವರಲ್ಲ. ಆರಾಮಾದವರನ್ನ ಬಿಡಬೇಕು, ಅಷ್ಟ.” ಬಿಡದಿದ್ದರೆ ಜಿಲ್ಲೆಯ ಪರಿಶೀಲನಾ ಮಂಡಳಿಗೆ ನಾನೇ ಅರ್ಜಿ ಬರೆಯಬಹುದಂತೆ. ನೀನು ಕೋರ್ಟಿಗೆ ಅಡ್ಡಾಡುವ ಹೆದರಿಕೆ ಬಿಡು. ಬಂದು ಕರೆದುಕೊಂಡು ಹೋಗು, ಮಂಡಳಿಯ ಮಾತೇ ಬರುವುದಿಲ್ಲ.

ಏನಂದೆ, ರಾಮದುರ್ಗದಲ್ಲಿ ಟ್ರೇನಿಂಗಾ? ಎಂಟು ತಿಂಗಳ ಟ್ರೇನಿಂಗ್ ಮುಗಿಸಿ ಬಂದರೆ ನನ್ನನ್ನು ಶಿಕ್ಷಣಾಧಿಕಾರಿಯನ್ನೇ ಮಾಡಬೇಕಾಗುತ್ತದೆ. ಸುಳ್ಳು ಹೇಳುವುದಾದರೆ ಸ್ವಲ್ಪ ಲೆಕ್ಕ ಹಾಕಿ ಹೇಳಬೇಕಪ್ಪ.

ನಿನ್ನ ಆಪಾ,
ತಸ್ಲೀಮ್


ಸವದತ್ತಿ
5 ನವೆಂಬರ್ 2023

ಆಪಾ,

ನೀನು ಕಾನೂನು ಬರೆದೆ. ನಾನು ಆ ದಿನದ್ದು ಬರೆಯುತ್ತೇನೆ. ಅದರ ಮಾತನ್ನು ನಾವಿಬ್ಬರೂ ಇದುವರೆಗೂ ಎತ್ತಿಲ್ಲ.

ಫೆಬ್ರುವರಿ ಏಳು, ಮಂಗಳವಾರ. ನೀನು ಮಲಗದೆ ಒಂಬತ್ತು ದಿನವಾಗಿತ್ತು. ಗೋಡೆ ತಟ್ಟಿ ತಟ್ಟಿ ನೋಡುತ್ತಿದ್ದೆ, ನಿನ್ನಷ್ಟಕ್ಕೆ ನೀನು ಮಾತಾಡುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ನೋಡಿದರೆ ನೀನಿಲ್ಲ, ಅಲ್ಫಿಯಾನೂ ಇಲ್ಲ. ಐದು ತಾಸು ಹುಡುಕಿದೆವು. ಕಂಡಕ್ಟರ್ ಒಬ್ಬ ನವಿಲುತೀರ್ಥದ ಬಸ್ಸಿನಲ್ಲಿ ನೋಡಿದೆ ಅಂದ. ಟೆಂಪೋ ಹೊಡೆದುಕೊಂಡು ಅಲ್ಲಿಯ ಡ್ಯಾಮಿಗೆ ಬಂದೆ. ಇಳಿದ ಕೂಡಲೆ ನಾನು ಮೊದಲು ನೀರು ನೋಡಿದೆ ಆಪಾ, ಆಮೇಲೆ ಮೆಟ್ಟಿಲ ಮೇಲೆ ಕೂತ ನಿಮ್ಮಿಬ್ಬರನ್ನು ನೋಡಿದೆ. ನೀರು ನೋಡಿದ ಆ ಹೊತ್ತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ನನ್ನದು ಹೇಗೋ ನಡೆಯುತ್ತದೆ. ಫರೀನಳದ್ದೇ ದೊಡ್ಡದು. “ಆಪಾ ಬರೂದಾದ್ರ ಬರಲಿ, ನಾ ಮಗಳನ್ನ ಕರಕೊಂಡು ತವರಮನಿಗೆ ಹೋಕ್ಕೇನಿ” ಅನ್ನುತ್ತಾಳೆ. ಜಗಳ ಮಾಡಿ ಹೇಳುವುದಿಲ್ಲ, ರೊಟ್ಟಿ ಬಡಿಯುತ್ತ ಹೇಳುತ್ತಾಳೆ. ಹೆತ್ತವಳ ಸಂಕಟಕ್ಕೆ ನಾನು ಏನು ಉತ್ತರ ಕೊಡಲಿ?

ಮಂಡಳಿಗೆ ಬರೆಯಬೇಡ. ನೋಟೀಸು ರಿಜಿಸ್ಟರ್ ಟಪಾಲಿನಲ್ಲಿ ಬರುತ್ತದೆ, ಓಣಿಯೆಲ್ಲ ಓದುತ್ತದೆ. ಆ ಮನೆಯಲ್ಲಿ ಹುಚ್ಚು ಇದೆ ಅನ್ನುವ ಮಾತು ಅಲ್ಫಿಯಾಳ ಮದುವೆಯ ತನಕ ಬೆನ್ನು ಬಿಡುವುದಿಲ್ಲ. ರಮಜಾನ್ ಮುಗಿಯಲಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಆಣೆ.

ನಾಸಿರ


ಕಿತ್ತೂರು ರಸ್ತೆ
19 ನವೆಂಬರ್ 2023

ನಾಸಿರ,

ರಮಜಾನ್ ಮುಗಿಯುವುದು ಏಪ್ರಿಲ್‌ನಲ್ಲಿ. ಇನ್ನೂ ಐದು ತಿಂಗಳು. ನೀನು ಅದನ್ನು ಎಷ್ಟು ಸಲೀಸಾಗಿ ಬರೆದೆ!

ಆ ದಿನದ್ದು ನಾನೂ ಬರೆಯುತ್ತೇನೆ, ನೀನು ಓದಲೇಬೇಕು. ನಮ್ಮ ಮನೆಯ ಮಾಳಿಗೆ ಕುಸಿಯುತ್ತದೆ ಎಂದು ನನಗೆ ಗೊತ್ತಾಗಿತ್ತು. ಅನ್ನಿಸಿತ್ತು ಎಂದಲ್ಲ, ಗೊತ್ತಾಗಿತ್ತು. ನಿಮಗೆಲ್ಲ ಹೇಳಿದೆ, ನೀವು ನಕ್ಕಿರಿ. ಅಮ್ಮನನ್ನು ಹೊತ್ತುಕೊಂಡು ಹೋಗಲು ನನ್ನಿಂದ ಆಗದು, ಅಲ್ಫಿಯಾಳನ್ನು ಒಯ್ಯಬಹುದು. ಎಲ್ಲಿ ಒಯ್ಯಲಿ? ಡ್ಯಾಮಿನಷ್ಟು ಗಟ್ಟಿಯಾಗಿ ಕಟ್ಟಿದ್ದು ಈ ಸೀಮೆಯಲ್ಲಿ ಬೇರೆ ಏನಿದೆ? ಅದಕ್ಕೇ ಹೋದೆ. ಅವಳನ್ನು ಗೋಡೆಯ ಬದಿಗೆ ಕೂರಿಸಿ, ನೀರಿನ ಬದಿಗೆ ನಾನು ಕೂತಿದ್ದೆ. ಉಳಿಸಲು ಒಯ್ದಿದ್ದೆ ನಾಸಿರ. ಕಾಯಿಲೆ ನನಗೆ ಸುಳ್ಳು ಹೇಳಿತು, ನಾನು ನಂಬಿದೆ. ಅದರಿಂದ ನಿಮಗಾದ ಭಯ ಸುಳ್ಳಲ್ಲ, ಅದು ನನಗೆ ಈಗ ತಿಳಿಯುತ್ತದೆ. ಫರೀನಳಿಗೆ ಈ ಸಾಲು ಓದಿ ಹೇಳು: ತಸ್ಲೀಮ್ ಆಪಾ ನಿನ್ನ ಕಾಲಿಗೆ ಬಿದ್ದು ಕ್ಷಮೆ ಕೇಳಿದ್ದಾಳೆ.

ಬರೀ ಕ್ಷಮೆ ಸಾಲದು ಎಂದು ನನಗೂ ಗೊತ್ತು. ಕಾಯಿಲೆ ಮರಳಿ ಬಂದರೆ ನನಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ನಾನೇ ಮೊದಲು ಬರೆದಿಡಲು ಈ ಕಾನೂನಿನಲ್ಲಿ ಅವಕಾಶವಿದೆ. ಬರೆದಿದ್ದೇನೆ. ಎರಡು ದಿನ ನಿದ್ದೆ ಬಾರದಿದ್ದರೆ ನನ್ನನ್ನು ಕೇಳದೆ ಡಾಕ್ಟರ ಹತ್ತಿರ ಒಯ್ಯಿರಿ. ಆಗ ಯಾವ ಮಗುವನ್ನೂ ನನ್ನ ಜೊತೆ ಬಿಡಬೇಡಿ. ನನ್ನ ಮೇಲೆ ಕೈ ಮಾಡಬೇಡಿ. ಕಟ್ಟಬೇಡಿ. ಡಾಕ್ಟರಮ್ಮ ಓದಿ ತಮ್ಮ ಮುದ್ರೆ ಒತ್ತಿದ್ದಾರೆ. ಒಂದು ಪ್ರತಿ ಇದರ ಜೊತೆಗಿದೆ, ಫರೀನಳ ಕೈಗೆ ಕೊಡು.

ಮಂಡಳಿಗೆ ಅರ್ಜಿಯನ್ನೂ ಬರೆದಿದ್ದೇನೆ. ಇನ್ನೂ ಕಳಿಸಿಲ್ಲ, ದಿಂಬಿನ ಕೆಳಗಿದೆ. ಡಿಸೆಂಬರ್ ಹದಿನೈದರವರೆಗೆ ನಿನ್ನ ದಾರಿ ನೋಡುತ್ತೇನೆ. ನಾನು ನಿನ್ನ ಮೇಲೆ ದೂರು ಕೊಡುವ ಅಕ್ಕ ಆಗಬಾರದು. ನನ್ನನ್ನು ಹಾಗೆ ಮಾಡಬೇಡ ತಮ್ಮ.

ನಿನ್ನ ಆಪಾ,
ತಸ್ಲೀಮ್


ಕಿತ್ತೂರು ರಸ್ತೆ
21 ಡಿಸೆಂಬರ್ 2023

ನಾಸಿರ,

ನೀನು ಬರಲಿಲ್ಲ. ಕಾಗದವೂ ಬರಲಿಲ್ಲ. ಹದಿನೈದಾದ ಮೇಲೂ ಐದು ದಿನ ಕಾದೆ, ಬಸ್ಸು ತಪ್ಪಿರಬಹುದು, ಗಾಡಿ ಕೆಟ್ಟಿರಬಹುದು ಎಂದು.

ಇಂದು ಗುರುವಾರ. ಡಾಕ್ಟರಮ್ಮ ನನ್ನ ಅರ್ಜಿಯನ್ನು ತಮ್ಮ ಚೀಲದಲ್ಲಿ ಒಯ್ದರು. ಜೊತೆಗೆ ಇನ್ನೂ ಆರು ಹೆಂಗಸರ ಅರ್ಜಿಗಳಿದ್ದವು, ಎಲ್ಲವನ್ನೂ ನಾನೇ ಬರೆದುಕೊಟ್ಟೆ. ಕಾಡವ್ವ ಮಾತ್ರ ಬೇಡವೆಂದಳು. “ಹೊರಗ ಹೋಗಿ ಯಾರ ಬಾಗಲಾ ಬಡೀಲೆವಾ? ಇಲ್ಲೆರ ನನ್ನ ಮೊರ ಐತಿ.”

ತಸ್ಲೀಮ್


ಸವದತ್ತಿ
14 ಜನವರಿ 2024

ಆಪಾ,

ನೋಟೀಸು ಬಂತು. ನಾನು ಹೇಳಿದ ಹಾಗೇ ಆಯಿತು. ಟಪಾಲಿನವನು ಬಾಗಿಲಲ್ಲಿ ನಿಂತು, “ಮಾನಸಿಕ ಅಂತ ಐತ್ರಿ, ಯಾರಿಗಿದು?” ಎಂದು ಕೂಗಿದ. ಎದುರುಮನೆಯ ಶಟ್ಟೆವ್ವ ಕಸಬರಿಗೆ ಹಿಡಿದು ಅಲ್ಲೇ ನಿಂತಿದ್ದಳು.

ಅಮ್ಮನಿಗೆ ಹೇಳಲೇಬೇಕಾಯಿತು. ತಲೆ ತಗ್ಗಿಸಿ ಎಲ್ಲ ಹೇಳಿದೆ. ಅಮ್ಮ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ತಸಬೀ ಮಣಿ ಎಣಿಸುವುದನ್ನು ನಿಲ್ಲಿಸಲೂ ಇಲ್ಲ. “ಒಂದು ಸೀರಿ ಸುದ್ದಾ ಒಯ್ಯದ ಯಾರ ಟ್ರೇನಿಂಗಿಗೆ ಹೋಕ್ಕಾರೋ? ಮೊದಲನೇ ದಿನಾನ ಗೊತ್ತಿತ್ತು ನನಗ. ಕೇಳಿದ್ರ ನೀ ಇನ್ನೊಂದು ಸುಳ್ಳ ಹೇಳಬೇಕಾಗ್ತಿತ್ತು, ಅದಕ್ಕ ಸುಮ್ಮನಿದ್ದೆ” ಎಂದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಕರೆದರೆ ಬರುತ್ತಾಳೆ, ಉಣ್ಣುತ್ತಾಳೆ, ಹೋಗುತ್ತಾಳೆ. ನೀವು ತಾಯಿಮಗಳು ಒಂದೇ.

ಫೆಬ್ರುವರಿ ಒಂಬತ್ತಕ್ಕೆ ವಿಚಾರಣೆ ಅಂತ ಬರೆದಿದ್ದಾರೆ. ಬರುತ್ತೇನೆ. ಅಲ್ಲಿ ಏನು ಹೇಳುತ್ತೇನೆ ಎಂದು ನನಗೇ ಗೊತ್ತಿಲ್ಲ.

ನಾಸಿರ


ಕಿತ್ತೂರು ರಸ್ತೆ
12 ಫೆಬ್ರುವರಿ 2024

ನಾಸಿರ,

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಅವತ್ತೇ ಬರೆದಿದ್ದರೆ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಇಲ್ಲಿಗೇ ಬಂದಿದ್ದ ಮಂಡಳಿಯವರು ನನ್ನನ್ನು ‘ಅವರು’ ಎಂದು ಕರೆದರು, ಗಮನಿಸಿದೆಯಾ? “ತಸ್ಲೀಮ್ ಅವರೇ, ಕೂಡ್ರಿ” ಎಂದು ಕುರ್ಚಿ ತೋರಿಸಿದರು. ಒಂದು ವರ್ಷದ ಮೇಲೆ ಯಾರೋ ನನ್ನನ್ನು ಕೇಳಿ ನನ್ನ ಮಾತು ಬರೆದುಕೊಂಡರು. ಆಮೇಲೆ ಅವರು ನಿನ್ನ ಕಡೆ ತಿರುಗಿ, “ಅಕ್ಕಾವರನ್ನ ಕರಕೊಂಡು ಹೋಗ್ತೀರೇನು?” ಎಂದು ಕೇಳಿದರು. ಜೋರು ಮಾಡಲಿಲ್ಲ, ಹೆದರಿಸಲಿಲ್ಲ. ಆಗಲ್ಲ ಅಂದರೆ ಯಾಕೆ ಎಂದೂ ಕೇಳಲಿಲ್ಲ. ನೀನು ನಿನ್ನ ಚಪ್ಪಲಿ ನೋಡುತ್ತ, “ಮನ್ಯಾಗ ಜಾಗಾ ಇಲ್ರಿ ಸಾಹೇಬ್ರ” ಎಂದೆ.

ಜಾಗ ಇಲ್ಲವೇ? ಅಟ್ಟದ ಕೆಳಗಿನ ನನ್ನ ಕೋಣೆ ಎಲ್ಲಿ ಹೋಯಿತು? ಅದರಲ್ಲಿ ಉಳ್ಳಾಗಡ್ಡಿ ತುಂಬಿದ್ದೀಯಾ? ಭಯ ಅಂತ ಹೇಳಿದ್ದರೆ ನಾನು ಒಪ್ಪುತ್ತಿದ್ದೆ. ನಿನ್ನ ಬಾಯಲ್ಲಿ ಜಾಗದ ಮಾತು ಕೇಳಿ ನನಗೆ ನಾಚಿಕೆಯಾಯಿತು.

ಆದೇಶ ಏನೆಂದರೆ, ನಾನು ಯಾವಾಗ ಬೇಕಾದರೂ ಹೋಗಬಹುದು. ಯಾರ ಸಹಿಯೂ ಬೇಡ. ಗೇಟಿನ ಬೀಗ ತೆಗೆಯಿರಿ ಎಂದು ನೀಲಪ್ಪನವರಿಗೆ ಬರೆದುಕೊಟ್ಟರು. ಮನೆಯಿಲ್ಲದವರಿಗೆ ಊರಿನ ನಡುವೆ ವಸತಿಮನೆ ಮಾಡಿಕೊಡಬೇಕು ಎಂದೂ ಕಾನೂನಿನಲ್ಲಿ ಇದೆಯಂತೆ. ಎಲ್ಲಿ ಇದೆ ಸರ್ ಎಂದು ಕೇಳಿದೆ. ಹೆಂಗಸರಿಗೆ ಹತ್ತಿರದಲ್ಲಿ ಇನ್ನೂ ಶುರುವಾಗಿಲ್ಲ, ಬರೆದಿದ್ದೇವೆ ಎಂದರು. ಅದು ಆಗುವವರೆಗೆ ನಾನು ಒಪ್ಪಿದರೆ ನನ್ನ ಸಹಿಯ ಮೇಲೆ ಇಲ್ಲೇ ಇರಬಹುದಂತೆ. ಸಹಿ ಹಾಕಿದೆ. ಮತ್ತೇನು ಮಾಡಲಿ?

ದೊಡವಾಡದ ಮೀನಾ ಟೀಚರಿಗೆ ಫೋನು ಮಾಡಿದ್ದೆ. ನನ್ನ ಜಾಗಕ್ಕೆ ಬೇರೆ ಅತಿಥಿ ಶಿಕ್ಷಕಿ ಬಂದಿದ್ದಾಳೆ, ಇನ್ನು ಜೂನ್‌ನಲ್ಲೇ ನೋಡಬೇಕು. ಅಲ್ಲೇ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದೆ. ಪಾಪ, ಅವಳಿಗೆ ಹೇಳಲು ಕಷ್ಟವಾಯಿತು. “ಮನಿ ಮಾಲಕರು ಕೇಳತಾರ್ರಿ, ಇಷ್ಟ ದಿವಸ ಎಲ್ಲಿದ್ರಿ ಅಂತ. ಏನ ಹೇಳೂಣು?” ಎಂದಳು.

ನೀನು ಹೋಗುವಾಗ ಗೇಟಿನ ಹತ್ತಿರ ಪೇರಲಹಣ್ಣಿನ ಚೀಲ ಬಿಟ್ಟು ಹೋಗಿದ್ದೆ. ಹೆಂಗಸರಿಗೆ ಹಂಚಿದೆ. ನಾನು ತಿನ್ನಲಿಲ್ಲ.

ಆದರೂ ಒಂದು ಮಾತು. ಇದೆಲ್ಲ ಫರೀನಳ ಭಯದಿಂದ ಆದದ್ದು ಎಂದೇ ತಿಳಿದಿದ್ದೇನೆ. ನಡುವೆ ಸಿಕ್ಕವನು ನೀನು. ಅವಳನ್ನು ಒಮ್ಮೆ ಕಂಡು ಮಾತಾಡಿದರೆ ಸರಿಹೋಗುತ್ತದೆ ಎಂದು ನನ್ನ ಮನಸ್ಸು ಹೇಳುತ್ತದೆ.

ನಿನ್ನ ಆಪಾ,
ತಸ್ಲೀಮ್


ಕಿತ್ತೂರು ರಸ್ತೆ
3 ಮಾರ್ಚ್ 2024

ನಾಸಿರ,

ನಿನ್ನೆ ಶನಿವಾರ ನಾನು ಸವದತ್ತಿಗೆ ಬಂದಿದ್ದೆ. ಶಟ್ಟೆವ್ವ ನಿನಗೆ ಹೇಳುವ ಮೊದಲು ನಾನೇ ಬರೆಯುತ್ತೇನೆ, ಅವಳು ಹೇಳಿದರೆ ಮಸಾಲೆ ಹೆಚ್ಚಾಗುತ್ತದೆ.

ಬೆಳಿಗ್ಗೆ ಗುಳಿಗೆ ತೆಗೆದುಕೊಂಡು, ಒಗೆದ ಸೀರೆ ಉಟ್ಟು ಹೊರಟೆ. ಬೈಲಹೊಂಗಲದಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಫರೀನಳಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ತಿದ್ದಿದೆ. ನಿಂತುಕೊಂಡೇ ಹೇಳಿ ಬಂದುಬಿಡುವುದು, ಅವಳು ಕೂಡು ಅಂದರೆ ಮಾತ್ರ ಕೂಡುವುದು ಎಂದು ತೀರ್ಮಾನ ಮಾಡಿದ್ದೆ. ಒಂದು ಗಂಟೆಗೆ ಓಣಿಗೆ ಬಂದೆ.

ಅಲ್ಫಿಯಾ ಕಟ್ಟೆಯ ಮೇಲೆ ಗಜಗದ ಕಾಯಿ ತೂರಿ ಹಿಡಿದು ಆಡುತ್ತಿದ್ದಳು. ಎಷ್ಟು ಎತ್ತರವಾಗಿದ್ದಾಳೆ ಮಾರಾಯ! ಮುಂದಿನ ಎರಡು ಹಲ್ಲು ಬಿದ್ದಿವೆ. ನನ್ನನ್ನು ನೋಡಿ “ಫುಪ್ಪು!” ಎಂದು ಚೀರಿ ಕಟ್ಟೆ ಇಳಿದು ಓಡಿಬಂದಳು. ನಾನು ಕೈ ಚಾಚಿದೆ. ಎರಡು ಹೆಜ್ಜೆ ದೂರದಲ್ಲಿ ಅವಳು ಗಕ್ಕನೆ ನಿಂತಳು. ತಿರುಗಿ ಒಳಗೆ ಓಡಿ ಬಾಗಿಲು ಹಾಕಿ ಚಿಲಕ ಸರಿಸಿದಳು. ಆಮೇಲೆ ಕಿಟಕಿಗೆ ಬಂದು ಸರಳು ಹಿಡಿದು ನಿಂತಳು.

ನನ್ನ ಜೊತೆ ಅವಳು ಮೊದಲಿನಿಂದಲೂ ಕನ್ನಡದಲ್ಲೇ ಮಾತಾಡುತ್ತಾಳೆ, ನಾನೇ ಹಾಕಿದ ರೂಢಿ. “ಫುಪ್ಪು, ಸಿಟ್ಟಾಗಬ್ಯಾಡ. ನೀ ಬಂದ್ರ ಚಿಲಕಾ ಹಾಕಬೇಕಂತ.”

“ಆಗಲಿ ಬಿಡು. ಅಮ್ಮಿ ಎಲ್ಲಿ?”

“ಗಿರಣಿಗೆ ಹೋಗ್ಯಾಳ. ದಾದಿ ಮೊಣಕಾಲ ನೋವಂತ ಒಳಗ ಮಲಗ್ಯಾಳ.”

“ಚಿಲಕಾ ಹಾಕು ಅಂತ ಅಮ್ಮಿ ಹೇಳ್ಯಾಳೇನು?”

“ಅಮ್ಮಿ ಅಲ್ಲ, ಅಬ್ಬಾ. ಅಮ್ಮಿ ಏನೂ ಅಂದಿಲ್ಲ. ದಿನಾ ಸಾಲಿಗೆ ಹೋಗೂಮುಂದ ಅಬ್ಬಾ ನನ್ನ ಕಡಿಂದ ಹೇಳಿಸತಾರ.”

“ಏನ ಹೇಳಿಸತಾರ? ಎಲ್ಲಿ, ಹೇಳು.”

ಕೈ ಕಟ್ಟಿ ನೆಟ್ಟಗೆ ನಿಂತಳು. ಪದ್ಯ ಒಪ್ಪಿಸುವಾಗ ನಾನು ಅವಳಿಗೆ ಕಲಿಸಿದ ರೀತಿ ಅದು. “ಫುಪ್ಪು ಬಂದ್ರ ಬಾಗಲಾ ತೆಗೀಬಾರದು. ಕರದ್ರ ಹೋಗಬಾರದು. ಏನರ ಕೊಟ್ರ ತಿನ್ನಬಾರದು. ದಾದಿಗೆ ಹೇಳಬಾರದು.” ಎಲ್ಲೂ ತಡವರಿಸಲಿಲ್ಲ.

ನಾಸಿರ, ನೀನು ಅದನ್ನು ಎಷ್ಟು ದಿನದಿಂದ ಕಲಿಸುತ್ತಿದ್ದೀ? ಉಳ್ಳಾಗಡ್ಡಿ ಬಾಡಿಗೆ, ಜಾಮೀನು, ಓಣಿ, ರಮಜಾನ್ ಎಂದು ನನಗೆ ಬರೆಯುತ್ತಿದ್ದಾಗಲೂ ಬೆಳಿಗ್ಗೆ ಎದ್ದು ಆ ಕೂಸಿನ ಬಾಯಿಂದ ಇದನ್ನು ಹೇಳಿಸುತ್ತಿದ್ದೆಯಾ? ಇಷ್ಟು ದಿನ ನಾನು ಆ ಬಡಪಾಯಿ ಫರೀನಳ ಕಾಲು ಹಿಡಿದೆ. ನಾನು ಬರೆದು ಕಳಿಸಿದ ಕಾಗದ ಅವಳ ಕೈ ಮುಟ್ಟಿತೋ ಇಲ್ಲವೋ, ಅದೂ ನನಗೆ ಈಗ ಗೊತ್ತಿಲ್ಲ.

ಒಳಗೆ ಅಮ್ಮ ಇದ್ದಳು. ಒಂದು ಸಲ ಗಟ್ಟಿಯಾಗಿ ಕೂಗಿದ್ದರೆ ಮೊಣಕಾಲು ಎಳೆದುಕೊಂಡಾದರೂ ಬಂದು ಬಾಗಿಲು ತೆಗೆಯುತ್ತಿದ್ದಳು. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಎದುರುಮನೆಯ ಪರದೆ ಸರಿಯಿತು. ಶಟ್ಟೆವ್ವ ತನ್ನ ಗಂಡನ ಮೇಲೆ ಇಡೀ ಓಣಿ ಕೇಳುವಂತೆ ಚೀರುತ್ತಾಳೆ, ಅದು ಸಿಟ್ಟು. ನಾನು ನನ್ನ ಮನೆಯ ಮುಂದೆ ನಿಂತು ಅಮ್ಮಾ ಎಂದು ಒಂದು ಸಲ ಕೂಗಿದರೆ ಅದು ಕಾಯಿಲೆ. ಮತ್ತೆ ಟೆಂಪೋ, ಮತ್ತೆ ನಾಲ್ಕು ಜನ ಹಿಡಿಯುವುದು, ಮತ್ತೆ ನಿನ್ನ ಸಹಿ. ನನಗೆ ಎದೆಯಲ್ಲಿ ಬೆಂಕಿ ಬಿದ್ದಿತ್ತು ನಾಸಿರ, ಮೆತ್ತಗೆ ಮಾತಾಡಿದೆ.

“ಫುಪ್ಪು, ನಾ ಬರೋಬ್ಬರಿ ಹೇಳಿದ್ನೇನ?” ಎಂದು ಕೇಳಿದಳು.

“ಒಂದೂ ತಪ್ಪಿಲ್ಲ. ಭಾಳ ಶಾಣ್ಯಾ ಅದಿ” ಎಂದೆ.

ಖುಷಿಯಾಯಿತು ಅವಳಿಗೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಫರೀನ್ ಬರುವವರೆಗೂ ಚಿಲಕ ತೆಗೆಯಬೇಡ ಎಂದು ಹೇಳಿ ಹೊರಟೆ. ಓಣಿಯ ತುದಿಯಲ್ಲಿ ಹಿಟ್ಟಿನ ಡಬ್ಬಿ ಹೊತ್ತು ಫರೀನ್ ಬರುತ್ತಿದ್ದುದು ಕಂಡಿತು. ಬಸ್ಸಿನಲ್ಲಿ ತಿದ್ದಿದ ಒಂದು ಮಾತೂ ನನಗೆ ನೆನಪಿರಲಿಲ್ಲ. ಪಕ್ಕದ ಸಂದಿಯಲ್ಲಿ ಹಾಯ್ದು ಸ್ಟ್ಯಾಂಡಿಗೆ ಬಂದೆ.

ಅಲ್ಫಿಯಾಳಿಗೆ ಬೈಯಬೇಡ. ನೀನು ಹೇಳಿದಂತೆಯೇ ಮಾಡಿದ್ದಾಳೆ.

ಸಂಜೆ ಐದೂವರೆಗೆ ಇಲ್ಲಿ ಇಳಿದೆ. ಗೇಟಿಗೆ ಈಗ ಬೀಗವಿಲ್ಲ, ಕಾವಲಿನವನೂ ಇರಲಿಲ್ಲ. ಆರಕ್ಕೆ ಹೆಂಗಸರನ್ನು ಎಣಿಸುತ್ತಾರೆ, ತಡವಾಗಬಾರದೆಂದು ಬೇಗ ಬೇಗ ಒಳಗೆ ಬಂದು ಗೇಟನ್ನು ನಾನೇ ಎಳೆದುಕೊಂಡೆ.

ತಸ್ಲೀಮ್